ಹೊಸಬರು ಬಂದಾಗ ಯಾವ ಆಟ ತೆಗೀತೀರ?

ಬೆಂಗಳೂರಿನ ನನ್ನ ರೂಮಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿರೋದು ಆಟದ ಡಬ್ಬಿಗಳು. ಕಟಾನ್, ಕಾರ್ಕಸೋನ್, ಟಿಕೆಟ್ ಟು ರೈಡ್, ಅಜೂಲ್... ಸಂಬಳ ಬಂದ ವಾರ ಒಂದೊಂದಾಗಿ ಬಂದು ಸೇರಿಕೊಂಡಿದ್ದು. ಶನಿವಾರ ಆಫೀಸಿನ ನಾಲ್ಕು ಜನ ಮೇಜಿನ ಸುತ್ತ ಕೂತರೆ ಊಟದ ನೆನಪೂ ಇರಲ್ಲ. ಈ ಹುಚ್ಚು ಹಿಡಿದ ಎಲ್ಲರ ಹಾಗೆ ನನಗೂ ಒಂದು ಚಟ ಇದೆ, ಕಂಡ ಕಂಡವರನ್ನೆಲ್ಲ ಹಿಡಿದು ಕೂರಿಸಿ ಆಟ ಕಲಿಸೋದು. ಹಾಗೆ ಕಲಿಸೋಕೆ ಹೋಗಿ ಎಷ್ಟು ಜನರನ್ನ ಓಡಿಸಿದ್ದೀನಿ ಅಂತ ಲೆಕ್ಕ ಹಾಕಿದ್ದು ಮಾತ್ರ ಈಚೆಗೆ. ಆ ಲೆಕ್ಕದಲ್ಲಿ ಮೊದಲು ಬರೋರು ನಮ್ಮ ಅತ್ತಿಗೆ.

ಅತ್ತಿಗೆ ಹಿರಿಯೂರಿನವರು. ಮಾರಿಕಣಿವೆ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. ಅದೇ ವರ್ಷದ ಕೊನೆಗೆ ಅಣ್ಣನ ಮದುವೆ. ಮಾತುಕತೆಗೆ ಬಂದ ಬೀಗರು ಅರ್ಧ ಹೊತ್ತು ಡ್ಯಾಮಿನ ಬಗ್ಗೆನೇ ಮಾತಾಡಿದ್ರು, ಅದು ಬಿಡಿ. ನಮ್ಮ ಮನೆ ಇರೋದು ಹೊಸದುರ್ಗದ ಹತ್ತಿರದ ಹಳ್ಳಿ. ಮದುವೆಯಾಗಿ ಹದಿನೈದು ದಿನ ಆಗಿತ್ತೇನೋ, ಒಂದು ಸಂಜೆ ಜಗಲಿ ಮೇಲೆ ಎಲ್ಲರೂ ಕೂತಿದ್ವಿ. ಹೊಸಬರು ಸುಮ್ಮನೆ ಕೂತಿದಾರಲ್ಲ, ಮಾತಿಗೆಳೆಯೋಣ ಅಂತ ನಾನೇ ಸೀಮೆಸುಣ್ಣ ತಗೊಂಡು ಹುಲಿ-ಕುರಿ ಆಟದ ಮನೆ ಬರೆದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ನಾನಿಟ್ಟುಕೊಂಡೆ.

ಈ ಆಟ ಗೊತ್ತಿರೋರಿಗೆ ಹೇಳಬೇಕಾಗಿಲ್ಲ. ಕುರಿಗಳನ್ನ ಒಂದೊಂದಾಗಿ ಇಡ್ತಾ ಹೋಗಬೇಕು, ಹದಿನೈದೂ ಇಟ್ಟು ಮುಗಿಯೋವರೆಗೂ ಇಟ್ಟ ಕುರಿ ಅಲ್ಲಾಡಂಗಿಲ್ಲ. ಹುಲಿ ಮಾತ್ರ ಮೊದಲಿಂದಲೇ ಓಡಾಡ್ತದೆ, ಪಕ್ಕದ ಮನೆ ಖಾಲಿ ಕಂಡರೆ ಕುರಿ ಹಾರಿ ತಿಂತದೆ. ಕುರಿಗಳ ಬಲ ಇರೋದು ಒತ್ತಾಗಿ ನಿಲ್ಲೋದರಲ್ಲಿ. ಪಳಗಿದ ಕೈ ಕುರಿ ಹಿಡಿದರೆ ಹುಲಿ ಕಟ್ಟಿಹಾಕೋದು ಕಷ್ಟ ಏನಲ್ಲ. ಆದರೆ ಆ ಒತ್ತು ಎಲ್ಲಿಂದ ಶುರು ಮಾಡಬೇಕು ಅನ್ನೋದು ಹತ್ತಾರು ಸಲ ಸೋತ ಮೇಲೆ ತಿಳಿಯೋ ವಿಷಯ. ಇದರಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಸೋತರೆ ಸೋತೋರದೇ ತಪ್ಪು, ಅದೂ ಎಲ್ಲರ ಕಣ್ಣೆದುರಿಗೆ.

ಮೂರು ಆಟ ಆಡಿದ್ವಿ, ಮೂರರಲ್ಲೂ ಕುರಿ ತಿಂದು ಮುಗಿಸಿದೆ. ಸುತ್ತ ಇದ್ದೋರೆಲ್ಲ ನಕ್ಕರು. ಅತ್ತಿಗೆನೂ ನಕ್ಕರು. "ನನಗೆ ಈ ಆಟ ಎಲ್ಲಾ ಬರಲ್ಲ ಬಿಡ್ರಿ" ಅಂತ ಎದ್ದು ಒಳಗೆ ಹೋದರು. ಅದೊಂದು ಮಾತು ನಮ್ಮನೇಲಿ ಹಾಗೇ ನಿಂತುಬಿಡ್ತು. ಅವಳಿಗೆ ಆಟ ಬರಲ್ಲ, ಅವಳಿಗೆ ಬೇಜಾರು, ಅವಳು ಟೀ ಮಾಡ್ತಾಳೆ ಬಿಡು. ಹಬ್ಬ ಹಬ್ಬಕ್ಕೂ ನಾವು ಹೊರಗೆ ಆಡೋದು, ಅವರು ಒಳಗೆ ಟೀ ಸೋಸೋದು. ಇದನ್ನ ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಹಾಗಂತ ಅವರು ಒಳಗೇ ಇದ್ದದ್ದು ಸುಳ್ಳಾಗಲ್ಲ.

ನಾನು ಓದಿದ್ದು ಚಿತ್ರದುರ್ಗದಲ್ಲಿ. ಏಳು ಸುತ್ತಿನ ಕೋಟೆ ನೋಡಿಕೊಂಡೇ ಬೆಳೆದೋನು. ಕೆಲವು ಆಟಗಳು ಥೇಟ್ ಆ ಕೋಟೆನೇ, ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ದಾರಿ ಬೇರೆ ಸುತ್ತುಬಳಸು. ಹೊಸಬರಿಗೆ ಒಂದು ಕಿಂಡಿನಾದರೂ ಬೇಕು. ನಾನು ಮಾಡಿದ್ದೇನು ಗೊತ್ತಾ? ಕಿಂಡಿ ತೋರಿಸಿ, "ಬನ್ನಿ ಬನ್ನಿ" ಅಂತ ಕರೆದು, ಪಕ್ಕದಲ್ಲೇ ಒನಕೆ ಹಿಡಿದು ನಿಂತೆ. ಓಬವ್ವ ಕಾದಿದ್ದು ಹೈದರಾಲಿಯ ಸೈನಿಕರಿಗೆ. ನಾನು ಕಾದಿದ್ದು ಸ್ವಂತ ಅತ್ತಿಗೆಗೆ :-)

ಮುಂದಿನ ಯುಗಾದಿಗೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಕಟಾನ್ ಡಬ್ಬಿ ಊರಿಗೆ ಹೊತ್ತುಕೊಂಡು ಹೋದೆ. ಕ್ಲಾಸ್ ಟಾಯ್ಬರ್ ಅನ್ನೋ ಜರ್ಮನಿಯವರು ಮಾಡಿ 1995ರಲ್ಲಿ ಬಂದ ಆಟ ಇದು. ಹೊಸಬರನ್ನ ಈ ಲೋಕಕ್ಕೆ ಕರೆತರೋಕೆ ಇದೇ ಹೆಬ್ಬಾಗಿಲು ಅಂತ ಎಲ್ಲರೂ ಹೇಳ್ತಾರೆ. ನಾನೂ ಎಷ್ಟೋ ಜನಕ್ಕೆ ಹೇಳಿದ್ದೆ. ಈಗ ನನಗೆ ಅದರ ಬಗ್ಗೆ ತಕರಾರಿದೆ. ಕಟಾನ್‌ನಲ್ಲಿ ಇಡೀ ಆಟದ ಹಣೆಬರಹ ಬರೆಯೋದು ಮೊದಲ ಐದು ನಿಮಿಷ, ನಿಮ್ಮ ಎರಡು ಊರುಗಳನ್ನ ಎಲ್ಲಿ ಇಡ್ತೀರಿ ಅನ್ನೋದು. ಅಂದರೆ ಏನೂ ಗೊತ್ತಿಲ್ಲದ ಹೊತ್ತಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ತಗೋಬೇಕು. ತಪ್ಪು ಜಾಗದಲ್ಲಿ ಇಟ್ಟರೆ ಆಮೇಲೆ ಒಂದೂವರೆ ಗಂಟೆ ಬೇರೆಯವರ ಕೈಗೆ ಇಟ್ಟಿಗೆ, ಕಟ್ಟಿಗೆ ಬರೋದು ನೋಡ್ತಾ ಕೂರಬೇಕು. ಅದರ ಮೇಲೆ ಇಂಗ್ಲಿಷ್ ಬರಹದ ಕಾರ್ಡುಗಳು. ಹೊಳಲ್ಕೆರೆ ಚಿಕ್ಕಮ್ಮ ಕಾರ್ಡು ಹಿಡಿದು, "ಇದೇನು ಬರ್ದೈತೆ ನೋಡಪ್ಪ" ಅಂತ ಎದುರಾಳಿಗೇ ತೋರಿಸಿದರು. ಅರ್ಧ ಗಂಟೆಗೆ ಆಟ ಮುಗೀತು. ಯಾರೂ ಗೆಲ್ಲಲಿಲ್ಲ, ಒಬ್ಬೊಬ್ಬರಾಗಿ ಎದ್ದು ಹೋದರು ಅಷ್ಟೆ.

ಇಲ್ಲಿ ನಾಚಿಕೆಗೇಡಿನ ಸಂಗತಿ ಒಂದಿದೆ. ಅದೇ ಡಬ್ಬಿಯ ಪುಸ್ತಕದಲ್ಲಿ ಹೊಸಬರಿಗೆ ಅಂತಲೇ ಮೊದಲೇ ಜೋಡಿಸಿ ಕೊಟ್ಟ ಒಂದು ಚಿತ್ರ ಇದೆ, ಯಾರ ಊರು ಎಲ್ಲಿರಬೇಕು ಅನ್ನೋದೂ ಸೇರಿ. ಅದನ್ನ ಬಳಸಿದ್ದರೆ ಯಾರೂ ಪೂರಾ ಹಾಳಾಗ್ತಿರಲಿಲ್ಲ. "ಅದೆಲ್ಲ ಮಕ್ಕಳಿಗೆ" ಅಂತ ಆ ಪುಟ ಮಗುಚಿದೋನು ನಾನು.

ಅಜ್ಜಿ ಇದನ್ನೆಲ್ಲ ಮೂಲೇಲಿ ಕೂತು ನೋಡ್ತಾ ಇದ್ದರು. "ಏ, ಆ ಡಬ್ಬಿ ಎತ್ತಿಡು ಅತ್ಲಾಗೆ" ಅಂದರು. ಇದ್ದಿಲ ಚೂರು ತರಿಸಿ ಅಡ್ಡ ಐದು, ಉದ್ದ ಐದು ಮನೆ ಬರೆದರು. ನಾಲ್ಕು ಕಡೆ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರು. ಚೌಕಾಬಾರ. ಕವಡೆ ಎಲ್ಲಿಟ್ಟಿದ್ದರೋ ಸಿಗಲಿಲ್ಲ, ಹುಣಸೆಬೀಜ ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದರು. ಕಾಯಿಗೆ ಬಳೆಚೂರು, ಅಡಿಕೆ, ಕಡ್ಡಿ, ಕಲ್ಲು. ನಾಲ್ಕನೆಯೋರು ಬೇಕು ಅಂದಾಗ ಒಳಗಿದ್ದ ಅತ್ತಿಗೆನ ಕೂಗಿದರು. "ನನಗೆ ಬರಲ್ಲಜ್ಜಿ" ಅಂದ್ರು ಅತ್ತಿಗೆ. "ಬರೋದೇನೈತೆ, ಹಾಕು, ಬಿದ್ದಷ್ಟು ನಡೆಸು" ಅಂದರು ಅಜ್ಜಿ.

ಬಿದ್ದಷ್ಟು ನಡೆಸು. ಅಜ್ಜಿ ಹೇಳಿದ ನಿಯಮ ಇಷ್ಟೇ. ಕಟಾನ್ ವಿವರಿಸೋಕೆ ನಾನು ಇಪ್ಪತ್ತು ನಿಮಿಷ ತಗೊಂಡಿದ್ದೆ. ಇಲ್ಲಿ ಕೂತ ಅರ್ಧ ನಿಮಿಷಕ್ಕೆ ಅತ್ತಿಗೆಯ ಕೈಗೆ ಕೆಲಸ ಬಂತು. ಮಿಕ್ಕ ನಿಯಮ ಎಲ್ಲ ಬೇಕಾದಾಗ ಬೇಕಾದಷ್ಟು. ಕಾಯಿ ಹೊಡೆಯೋ ಸಂದರ್ಭ ಬಂದಾಗ ಹೊಡೆಯೋದು ಹೇಳಿದರು, ಒಳಸುತ್ತಿಗೆ ಹೋಗೋ ಹೊತ್ತಿಗೆ ಒಳಸುತ್ತಿನ ದಿಕ್ಕು ಹೇಳಿದರು. ಹೊರಸುತ್ತಲ್ಲಿ 16 ಮನೆ, ಒಳಸುತ್ತಲ್ಲಿ 8, ನಡುವೆ ಒಂದು. ಅಲ್ಲಿಗೆ ಮುಟ್ಟಿದ ಕಾಯಿ ಹಣ್ಣಾಯ್ತು.

ಎಂಜಿನಿಯರಿಂಗ್ ಓದಿದ ಪಾಪಕ್ಕೆ ಇಲ್ಲೊಂದು ಲೆಕ್ಕ. ನಾಲ್ಕು ಬೀಜ, ಒಂದೊಂದಕ್ಕೂ ಎರಡು ಮಗ್ಗುಲು. ಎರಡು ಮಗ್ಗುಲೂ ಸಮ ಬೀಳ್ತವೆ ಅಂತಿಟ್ಟುಕೊಂಡರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳೋದು 6, ಒಂದು ಬೀಳೋದು 4, ಮೂರು ಬೀಳೋದು 4. ಎಲ್ಲವೂ ಬೆಳ್ಳಗೆ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲವೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಇವೆರಡು ಒಂದೊಂದು ಬಗೆ. ಅಂದರೆ ಎಂಟು ಸಲ ಹಾಕಿದರೆ ಸರಾಸರಿ ಒಂದು ಸಲ ಚೌಕವೋ ಬಾರವೋ ಬಿದ್ದು ಇನ್ನೊಂದು ಸಲ ಹಾಕೋ ಅವಕಾಶ. (ತೇಯ್ದ ಹುಣಸೆಬೀಜ, ಕವಡೆ ಇವೆಲ್ಲ ನಾಣ್ಯದಂತಲ್ಲ, ಲೆಕ್ಕ ಸ್ವಲ್ಪ ಅತ್ತಿತ್ತ ಆಗ್ತದೆ.) ಹೊಸಬರಿಗೂ ಆ ಎಂಟರಲ್ಲೊಂದು ಬಂದೇ ಬರ್ತದೆ, ಬಂದಾಗ ಇಡೀ ಜಗಲಿ ಹೋ ಅಂತದೆ. ಸೋತರೆ ಬೈಯೋಕೆ ಬೀಜ ಇದೆ. ಹಾಗಂತ ಬರೀ ಅದೃಷ್ಟವೂ ಅಲ್ಲ. ನಾಲ್ಕು ಕಾಯಲ್ಲಿ ಯಾವುದು ನಡೆಸಬೇಕು, ಕಟ್ಟೆ ಬಿಟ್ಟು ಯಾವಾಗ ಹೊರಡಬೇಕು, ಯಾರ ಹಿಂದೆ ಹೊಂಚು ಹಾಕಬೇಕು ಅನ್ನೋದಕ್ಕೆಲ್ಲ ತಲೆ ಬೇಕು.

ಅತ್ತಿಗೆಗೆ ಆ ತಲೆ ಇತ್ತು! ಎರಡನೇ ಆಟದ ಹೊತ್ತಿಗೆ ನನ್ನ ಮೂರು ಕಾಯಿ ಹೊಡೆದು ಮನೆಗೆ ಕಳಿಸಿದ್ದರು. ಆಮೇಲೆ ಗೊತ್ತಾಯ್ತು, ತವರಲ್ಲಿ ಬೇಸಿಗೆ ರಜೆಯೆಲ್ಲ ಇದನ್ನೇ ಆಡಿ ಬೆಳೆದೋರಂತೆ. ಅಲ್ಲಿಂದ ಜಗಳ ಶುರು. ನಮ್ಮನೇಲಿ ಎದುರಾಳಿಯ ಒಂದು ಕಾಯಾದರೂ ಹೊಡೀದೆ ಒಳಸುತ್ತಿಗೆ ಹೋಗಂಗಿಲ್ಲ. ಅವರ ಮನೇಲಿ ಹೋಗಬಹುದು. "ನಮ್ಮಲ್ಲಿ ಹಂಗಿಲ್ಲ" ಅಂತ ಅತ್ತಿಗೆ ಅಜ್ಜಿಗೇ ಎದುರು ಹೇಳಿದರು. ಆ ಮನೆಗೆ ಬಂದ ಮೇಲೆ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು. (ನಿಮ್ಮೂರಲ್ಲಿ ಹೇಗೆ? ಹೊಡೀದೆ ಒಳಗೆ ಹೋಗಬಹುದಾ? ನಮ್ಮನೇಲಿ ಈ ವ್ಯಾಜ್ಯ ಇನ್ನೂ ಇತ್ಯರ್ಥ ಆಗಿಲ್ಲ.)

ಹೊಸಬರಿಗೆ ಸುಲಭದ ನಿಯಮ ಇದ್ದರೆ ಸಾಕು ಅಂತ ನಾನು ನಂಬಿದ್ದೆ. ಹುಲಿ-ಕುರಿಯ ನಿಯಮ ಚೌಕಾಬಾರಕ್ಕಿಂತ ಸುಲಭ ಸ್ವಾಮಿ! ಎರಡು ಮಾತಲ್ಲಿ ಮುಗೀತದೆ. ಆದರೆ ಅಲ್ಲಿ ಹಳಬ ಬರೀ ಹಳಬ ಅನ್ನೋ ಕಾರಣಕ್ಕೇ ಗೆಲ್ತಾನೆ. ಅಳಗುಳಿಮಣೆನೂ ಹಾಗೇ. ಎರಡು ಸಾಲು, ಸಾಲಿಗೆ ಏಳು ಗುಳಿ, ಕಾಳು ಹಂಚಿಕೊಂಡು ಹೋಗೋದು, ಮಕ್ಕಳಿಗೂ ತಿಳೀತದೆ. ಆದರೆ ಪಳಗಿದೋರು ಕಾಳು ಎತ್ತೋಕೆ ಮುಂಚೆನೇ ಕೊನೆ ಕಾಳು ಎಲ್ಲಿ ಬೀಳ್ತದೆ ಅಂತ ಎಣಿಸಿರ್ತಾರೆ. ಹೊಸಬರು ಹತ್ತು ಆಟ ಸೋಲಬೇಕು. ನಮ್ಮ ಹಳೇ ಆಟಗಳೆಲ್ಲ ಎಲ್ಲರಿಗೂ ಆಗಿಬರ್ತವೆ, ಪರದೇಶದ ಡಬ್ಬಿಗಳು ಯಾರಿಗೂ ಆಗಲ್ಲ ಅನ್ನೋ ಭಾವುಕತೆ ನನಗೆ ಒಪ್ಪಿಗೆ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಹುಚ್ಚು ಎಷ್ಟಿತ್ತು ಅಂದರೆ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗವೇ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದೋರು 2007ರಿಂದ ಕ್ರೀಡಾ ಕೌಶಲ್ಯ ಅಂತ ಪ್ರದರ್ಶನ ಮಾಡಿ ಹಳೇ ಆಟಗಳ ಹಾಸುಗಳನ್ನ ಮತ್ತೆ ಜನರ ಕೈಗಿಟ್ಟಿದ್ದಾರೆ. ಆದರೆ ಅರಮನೆಯ ಆಟ ಅರಮನೆಯ ಬಿಡುವಿಗೆ ತಕ್ಕ ಹಾಗಿರ್ತದೆ. ಹಬ್ಬದ ದಿನ ಒಬ್ಬಟ್ಟು ತಿಂದು ತೂಕಡಿಸ್ತಿರೋ ಚಿಕ್ಕಪ್ಪನಿಗೆ ಅದು ಆಗಲ್ಲ.

ಆ ಕಡೆ ಜರ್ಮನಿಯೋರಿಗೂ ಈ ಸಮಸ್ಯೆ ಬಂದಿರಬೇಕು. 1979ರಿಂದ ವರ್ಷದ ಆಟ ಅಂತ ಒಂದು ಪ್ರಶಸ್ತಿ ಕೊಡ್ತಿದ್ದರು, 2011ರಿಂದ ಪಳಗಿದೋರ ಆಟಕ್ಕೆ ಅಂತ ಇನ್ನೊಂದು ಪ್ರಶಸ್ತಿ ಬೇರೆ ಮಾಡಿದರು. ನಾವು ಮಾಡೋ ತಪ್ಪು, ಎರಡನೆಯದನ್ನ ತಂದು ಮೊದಲನೆಯೋರ ಮುಂದೆ ಇಡೋದು. ನಮಗೆ ಈ ತಿಂಗಳು ಯಾವುದರ ಹುಚ್ಚೋ ಅದನ್ನೇ ತೆಗೀತೀವಿ. ಹೊಸಬರಿಗೆ ಅಂತ ಬಾಯಲ್ಲಿ ಹೇಳ್ತೀವಿ, ಆರಿಸೋದು ನಮಗೆ.

ಡಬ್ಬಿ ಆಟಗಳಲ್ಲಿ ನನ್ನ ಅನುಭವಕ್ಕೆ ಊರಲ್ಲಿ ನಿಂತದ್ದು ಎರಡು. ಒಂದು ಕಾರ್ಕಸೋನ್. ಒಂದು ಚೌಕ ಎತ್ತು, ರಸ್ತೆಗೆ ರಸ್ತೆ, ಕೋಟೆಗೆ ಕೋಟೆ ಸೇರಿಸಿ ಇಡು, ಅಷ್ಟೆ. ಓದೋದು ಏನೂ ಇಲ್ಲ. ಎತ್ತಿದ ಚೌಕ ಎಲ್ಲರಿಗೂ ಕಾಣ್ತದೆ, ಹಾಗಾಗಿ "ಇಲ್ಲಿಡು, ಅಲ್ಲಿಡು" ಅಂತ ಸುತ್ತಲಿನೋರೆಲ್ಲ ಬಾಯಿ ಹಾಕಬಹುದು. ಹೊಲದ ಲೆಕ್ಕ ಅಂತ ಒಂದು ನಿಯಮ ಇದೆ, ಮೊದಲ ಆಟದಲ್ಲಿ ಅದನ್ನ ಬಿಟ್ಟುಬಿಡಿ, ತಲೆ ತಿಂತದೆ. ಇನ್ನೊಂದು ಕೋಡ್‌ನೇಮ್ಸ್. ಡಬ್ಬಿಯಲ್ಲಿರೋ ಇಂಗ್ಲಿಷ್ ಪದ ಪಕ್ಕಕ್ಕಿಟ್ಟು ಹಳೇ ಲಗ್ನಪತ್ರಿಕೆಗಳ ಹಿಂದೆ ಕನ್ನಡ ಪದ ಬರೆದು 25 ಚೀಟಿ ಹರಡಿದ್ವಿ. ಎರಡು ಪಂಗಡ, ಒಂದೇ ಪದದ ಸುಳಿವು, ಎಷ್ಟು ಚೀಟಿ ಅನ್ನೋ ಸಂಖ್ಯೆ. ಪಂಗಡದ ಆಟ ಆದ್ದರಿಂದ ನಡುವೆ ಬಂದೋರೂ ಸೇರಬಹುದು, ಹಾಲು ಕಾಯಿಸೋಕೆ ಎದ್ದೋರೂ ವಾಪಸ್ ಬರಬಹುದು. "ಒನಕೆ, ಎರಡು" ಅಂದರೆ ನಮ್ಮೋರು ಕಣ್ಣು ಮುಚ್ಚಿ "ಕಿಂಡಿ", "ಕೋಟೆ" ಎರಡೂ ಮುಟ್ಟಿದರು. "ಕಾಯಿ" ಅಂತ ಸುಳಿವು ಕೊಟ್ಟಿದ್ದು ಮಾತ್ರ ಹಾಳಾಯ್ತು. ಕೊಟ್ಟೋರ ಮನಸ್ಸಲ್ಲಿ ಇದ್ದಿದ್ದು ಮಾವು, ಹೊಸದುರ್ಗದೋರು ಒಬ್ಬರೂ ತೆಂಗು ಬಿಟ್ಟು ಅಲ್ಲಾಡಲಿಲ್ಲ.

ದೊಡ್ಡ ಆಟಗಳನ್ನ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ನಾಲ್ಕು ತಾಸಿನ ಆಟದ ಸುಖ ಬೇರೆ. ಅದಕ್ಕೆ ಜನ ಬೇರೆ, ದಿನ ಬೇರೆ.

ಮೊನ್ನೆ ಊರಿಗೆ ಹೊರಡೋ ಹಿಂದಿನ ದಿನ ಅಣ್ಣನಿಗೆ ಫೋನ್ ಮಾಡಿದ್ದೆ. ಅತ್ತಿಗೆ ಫೋನ್ ಇಸಕೊಂಡು, "ಆ ಕುರಿ ಕೊಟ್ಟು ಇಟ್ಟಿಗೆ ತಗೊಳ್ಳೋ ಡಬ್ಬಿ ಇತ್ತಲ್ಲ, ಅದರಲ್ಲಿ ಹುಲಿ ಇಲ್ಲ ತಾನೆ?" ಅಂತ ಕೇಳಿದರು.

ಹುಲಿ ಇಲ್ಲ, ಒಬ್ಬ ಕಳ್ಳ ಇದ್ದಾನೆ ಅಂದೆ.

"ಕಳ್ಳನ್ನ ಯಾರು ಇಡೋದು?"

"ಏಳು ಹಾಕಿದೋರು ಇಡೋದು ಅತ್ತಿಗೆ."

"ಹಂಗಾದ್ರೆ ತಗೊಂಡು ಬರ್ರಿ."