ಬೆಳಕೆಲ್ಲವೂ ಲೇಸರಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿರುವರಷ್ಟೆ. ಹಾಲಿಗೆ ನೀರು ಬೆರಸಿ ತಂದವನನ್ನು ನಾವು ಬಾಗಿಲಲ್ಲಿಯೇ ತಡೆದು ಕೇಳುವೆವು. ಆದರೆ ಪೇಟೆಬೀದಿಯ ಬ್ಯೂಟಿ ಪಾರ್ಲರುಗಳಲ್ಲಿ ಕಂಡ ಕಂಡ ಬೆಳಕನ್ನೆಲ್ಲ 'ಲೇಸರ್' ಎಂಬ ಒಂದೇ ಹೆಸರಿನಿಂದ ಮಾರುತ್ತಿರುವುದನ್ನು ನೋಡಿಯೂ, ವಿದ್ಯಾವಂತರಾದ ನಾವು ಸುಮ್ಮನಿದ್ದೇವೆ. ಈ ಮೌನವು ತರವಲ್ಲವೆಂದು ವಾಚಕರಲ್ಲಿ ಬಿನ್ನವಿಸುವುದೇ ಈ ಲೇಖನದ ಉದ್ದೇಶ.

ನನ್ನ ಬಂಧುಗಳ ಮನೆಯ ಕನ್ಯೆಯೊಬ್ಬಳು, ವಿವಾಹಕ್ಕೆ ಒಂದು ತಿಂಗಳಿರುವಾಗ, ಕೆನ್ನೆಯ ಮೇಲಿನ ರೋಮಗಳನ್ನು ತೆಗೆಯಿಸಲು ಇಂತಹುದೊಂದು ಸ್ಥಳಕ್ಕೆ ಹೋದಳು. ಹಣ ತೆತ್ತುದು ಲೇಸರಿಗೆ. ಕೆನ್ನೆಯ ಮೇಲೆ ಬಿದ್ದುದು ಐ.ಪಿ.ಎಲ್. ಎಂಬ ಬೇರೊಂದು ಬೆಳಕು. ವಾರದೊಳಗೆ ಅಲ್ಲಿ ಆಯತಾಕಾರದ ಕಪ್ಪು ಪಟ್ಟಿಗಳು ಸಾಲಾಗಿ ಮೂಡಿದುವು. ಆ ಯಂತ್ರದ ಹಿಡಿಯ ತುದಿಯಲ್ಲಿರುವ ಗಾಜು ಆಯತಾಕಾರದ್ದು; ಅದು ತನ್ನ ಮುದ್ರೆಯನ್ನೇ ಒತ್ತಿಹೋಗಿತ್ತು. ತಾಯಿ ಹೋಗಿ ಕೇಳಿದುದಕ್ಕೆ ದೊರೆತ ಉತ್ತರವಿದು: "ಎರಡೂ ಒಂದೇ ಅಮ್ಮಾ, ನಿಮ್ಮ ಹುಡುಗಿಯ ಚರ್ಮವೇ ಸರಿಯಿಲ್ಲ."

ಎರಡೂ ಒಂದೇ ಅಲ್ಲ. 1960ರಲ್ಲಿ ಅಮೆರಿಕೆಯ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿಯು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದನು. ಅದರ ಅಲೆಯ ಉದ್ದ 694 ನ್ಯಾನೊಮೀಟರ್. ಲೇಸರೆಂಬುದು ಒಂದೇ ಶ್ರುತಿಗೆ ಕೂಡಿಸಿದ ತಂಬೂರಿಯಂತೆ. ಅದರ ಅಲೆಗಳೆಲ್ಲವೂ ಒಂದೇ ಅಳತೆಯವು. ಐ.ಪಿ.ಎಲ್. ಆದರೋ ಕ್ಸೆನಾನ್ ಅನಿಲ ತುಂಬಿದ ದೀಪದ ಮಿಂಚು. ಸುಮಾರು 500ರಿಂದ 1200 ನ್ಯಾನೊಮೀಟರಿನವರೆಗಿನ ನಾನಾ ಅಲೆಗಳು ಅದರಲ್ಲಿ ಜಾತ್ರೆಯ ಜನದಂತೆ ಒಟ್ಟಾಗಿ ನುಗ್ಗುವುವು. ಸೋಸುವ ಗಾಜನ್ನಿಟ್ಟು ಗಿಡ್ಡ ಅಲೆಗಳನ್ನು ತಡೆಯಬಹುದು. ಆದರೂ ಉಳಿಯುವುದು ಗುಂಪೇ.

ಈ ಭೇದವು ಕೇವಲ ಪಂಡಿತರ ಚರ್ಚೆಯ ವಿಷಯವೆಂದು ಭಾವಿಸಬಾರದು. ಆಯ್ದ ಬೆಳಕನ್ನು ಕ್ಷಣಾರ್ಧಕ್ಕಿಂತಲೂ ಕಡಿಮೆ ಕಾಲ ಹಾಯಿಸಿದರೆ, ಅದನ್ನು ಹೀರುವ ಗುರಿ ಮಾತ್ರ ಬೆಂದು ಸುತ್ತಲಿನ ಭಾಗವು ಉಳಿಯುವುದೆಂಬ ತತ್ತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ರೋಮವನ್ನು ತೆಗೆಯುವಲ್ಲಿ ಗುರಿಯಾಗುವುದು ಅದರ ಬೇರಿನ ಮೆಲನಿನ್ ಎಂಬ ಕಪ್ಪು ದ್ರವ್ಯ. ಆದರೆ ನಮ್ಮಂತಹ ಕಂದು ಮೈಬಣ್ಣದವರಲ್ಲಿ ಅದೇ ದ್ರವ್ಯವು ಚರ್ಮದ ಮೇಲ್ಪದರದಲ್ಲಿಯೂ ಹೇರಳವಾಗಿದೆ. ಬೇರಿಗೆ ಬಿಟ್ಟ ಬಾಣವು ಬಾಗಿಲಿಗೇ ನಾಟುವುದು. ಗಿಡ್ಡ ಅಲೆಗಳನ್ನು ಮೆಲನಿನ್ ಹೆಚ್ಚಾಗಿ ಹೀರುವುದು. ಉದ್ದನೆಯವು ಅದನ್ನು ದಾಟಿ ಆಳಕ್ಕಿಳಿಯುವುವು. ಆದುದರಿಂದಲೇ ಬಲ್ಲ ಚರ್ಮವೈದ್ಯರು ಕಪ್ಪು ಮೈಬಣ್ಣಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರನ್ನು ಹೆಚ್ಚು ಸುರಕ್ಷಿತವೆಂದು ಆರಿಸಿಕೊಳ್ಳುವರು.

ಇಲ್ಲಿ ಪೂರ್ವಪಕ್ಷಿಗಳು ಎರಡು ಮಾತನ್ನು ಮುಂದಿಡುವರು. ಐ.ಪಿ.ಎಲ್. ಯಂತ್ರಕ್ಕೆ 1995ರಲ್ಲಿಯೇ ಅಮೆರಿಕೆಯ ಸರಕಾರದ ಅನುಮತಿ ದೊರೆತಿಲ್ಲವೆ, ಎಂಬುದು ಮೊದಲನೆಯದು. ದೊರೆತಿದೆ. ಬಿಳಿಯ ಚರ್ಮದ ಮೇಲಿನ ಕೆಂಪು ನರಗಳಿಗೂ ಕಂದು ಕಲೆಗಳಿಗೂ ಅದು ಉಪಯುಕ್ತವೇ. ಒಂದೇ ಯಂತ್ರದಿಂದ ಹಲವು ಕೆಲಸಗಳಾಗುವುವೆಂಬುದೂ ನಿಜ. ಲೇಸರೇನು ಸುಡುವುದಿಲ್ಲವೆ, ಎಂಬುದು ಎರಡನೆಯದು. ಅವಶ್ಯವಾಗಿ ಸುಡುವುದು. 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್ ಲೇಸರು ಅರಿಯದವರ ಕೈಯಲ್ಲಿ ಕಂದು ಕೆನ್ನೆಗೆ ಬೆಂಕಿಯೇ ಸರಿ. ನಾನು ಒಂದು ಯಂತ್ರವನ್ನು ದೂಷಿಸಿ ಇನ್ನೊಂದನ್ನು ಪೂಜಿಸಬಂದವನಲ್ಲ. ಹೆಸರು ಸತ್ಯವಾಗಿರಲಿ, ಕೈ ಕಲಿತದ್ದಾಗಿರಲಿ ಎಂಬಷ್ಟೇ ನನ್ನ ವಾದ.

'ಶಾಶ್ವತ ನಿರ್ಮೂಲನ'ವೆಂಬ ಭರವಸೆಯೂ ಇಂತಹುದೇ. ಅಮೆರಿಕೆಯ ಆ ಇಲಾಖೆಯು ಒಪ್ಪುವುದು ರೋಮಗಳ ಸಂಖ್ಯೆ ದೀರ್ಘಕಾಲ ಕಡಿಮೆಯಾಗುವುದೆಂಬ ಮಾತನ್ನೇ ಹೊರತು, ಪೂರ್ಣವಾಗಿ ಅಳಿಯುವುದೆಂಬುದನ್ನಲ್ಲ. ನರೆತ ರೋಮವು ಈ ಬೆಳಕುಗಳಿಗೆ ಜಗ್ಗುವುದಿಲ್ಲ. ಕೆಲವರ ಮುಖದಲ್ಲಿಯೂ ಕತ್ತಿನಲ್ಲಿಯೂ ಚಿಕಿತ್ಸೆಯ ಬಳಿಕ ರೋಮವು ಹೆಚ್ಚಿದುದೂ ಉಂಟು. ಗಲ್ಲದ ಮೇಲೆ ಒರಟು ರೋಮ ಬೆಳೆಯುವುದಕ್ಕೆ ದೇಹದೊಳಗಿನ ಹಾರ್ಮೋನುಗಳ ಏರುಪೇರು ಕಾರಣವಾಗಿರಬಹುದು. ಅಂತಹವಳಿಗೆ ಮೊದಲು ಬೇಕಾದುದು ವೈದ್ಯರ ಪರೀಕ್ಷೆ.

ನನಗೆ ಹೆಚ್ಚು ನೋವನ್ನುಂಟುಮಾಡಿದುದು ಕಲೆಗಳಿಗಿಂತಲೂ ಆ ಉತ್ತರವೇ. ಬಿಸಿಲಿನ ನಾಡಿನಲ್ಲಿ ನಮ್ಮನ್ನು ಕಾಯುವ ಬಣ್ಣವನ್ನೇ ದೋಷವೆಂದು ಕರೆದು, ತಮ್ಮ ಅಜ್ಞಾನದ ಅಪರಾಧವನ್ನು ಹುಡುಗಿಯ ಮೈಮೇಲೆ ಹೊರಿಸಿದರು, ಅವಳೂ ನಂಬಿದಳು. ಕಲೆಗಳು ಎಂಟು ತಿಂಗಳಲ್ಲಿ ಮಾಸಿದುವು. ಆ ನಂಬಿಕೆಯು ಮಾಸಿತೆಂದು ನಾನು ಹೇಳಲಾರೆನು.

ಆದುದರಿಂದ ಗೃಹಸ್ಥರು ಮೂರು ಪ್ರಶ್ನೆಗಳನ್ನು ನಾಚದೆ ಕೇಳಬೇಕು. ಯಂತ್ರ ಯಾವುದು, ಅದರ ಅಲೆಯ ಉದ್ದವೆಷ್ಟು? ಅದನ್ನು ಹಿಡಿಯುವವರು ಯಾರು, ಎಲ್ಲಿ ಕಲಿತವರು? ಮರೆಯಾದ ಜಾಗದಲ್ಲಿ ಸ್ವಲ್ಪ ಪ್ರಯೋಗಿಸಿ, ಕೆಲವು ದಿನ ಕಾದು ನೋಡುವರೆ? ಉತ್ತರ ಬಾರದಿದ್ದಲ್ಲಿ ಮೆಟ್ಟಿಲಿಳಿದು ಬರುವುದೇ ಲೇಸು. ಪಾವು ಹಾಲಿಗಾಗಿ ವಾದಿಸುವ ನಾವು, ಮಕ್ಕಳ ಮುಖವನ್ನು ಒಪ್ಪಿಸುವಾಗ ಇಷ್ಟನ್ನಾದರೂ ಕೇಳಬಾರದೆ?