ಯಾವ ಕಂಪೈಲರ್, ಎಷ್ಟನೇ ವರ್ಷನ್?

ಕೋಲಾರದ ಎಪಿಎಂಸಿಗೆ 400 ಬಾಕ್ಸ್ ಟೊಮೆಟೊ ಬಂತು, ಬಾಕ್ಸಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಮಂಡಿಯವರು ಬಾಯಲ್ಲೇ ನಲವತ್ತು ಸಾವಿರ ಅನ್ನುತ್ತಾರೆ. ಇದೇ ಗುಣಾಕಾರವನ್ನು ಸಿ ಭಾಷೆಯಲ್ಲಿ ‘ಇಂಟ್’ ಇಟ್ಟು ಬರೆದು ಹಳೆಯ ಟರ್ಬೊ ಸಿ-ಯಲ್ಲಿ ಓಡಿಸಿದರೆ ಉತ್ತರ ಮೈನಸ್ 25,536. ಅಂದರೆ ಟೊಮೆಟೊ ತಂದ ರೈತನೇ ಮಂಡಿಗೆ ಬಾಕಿ! ಜಿಸಿಸಿಯಲ್ಲಿ ಓಡಿಸಿ, ಸರಿಯಾಗಿ 40,000 ಬರುತ್ತದೆ. ಟರ್ಬೊ ಸಿ-ಯ ಇಂಟ್‌ಗೆ 16 ಬಿಟ್, 32,767 ದಾಟಿದರೆ ಲೆಕ್ಕ ಮಗುಚಿಕೊಳ್ಳುತ್ತದೆ. ಇಂದಿನ ಕಂಪ್ಯೂಟರುಗಳ ಜಿಸಿಸಿಯಲ್ಲಿ 32 ಬಿಟ್. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

1990ರ ಆಸುಪಾಸಿನ ಆ ಟರ್ಬೊ ಸಿ ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ತನ್ನ ಆಯಸ್ಸು ಮುಗಿದ ಮೇಲೂ ಬಹುಕಾಲ ಬಾಳಿತು. ಪರೀಕ್ಷೆಯಲ್ಲಿ ಔಟ್‌ಪುಟ್ ಕೇಳುತ್ತಾರೆ, ಯಾವ ಕಂಪೈಲರಿನ ಔಟ್‌ಪುಟ್ ಎಂದು ಕೇಳುವುದಿಲ್ಲ. ಬಂಗಾರಪೇಟೆ, ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಈ ಪ್ರಶ್ನೆ ಎದುರಾಗುವುದು ಅಲ್ಲಿಗೆ ಹೋದ ಮೇಲೇ.

ಕಂಪೈಲರ್ ಒಂದೇ ಇದ್ದರೂ ವರ್ಷನ್ ಬೇರೆಯಾದರೆ ಸಾಕು, ಪಜೀತಿ. ಮುಳಬಾಗಿಲಿನ ಮನೆಯಿಂದಲೇ ಕೆಲಸ ಮಾಡುವವಳ ಲ್ಯಾಪ್‌ಟಾಪಿನಲ್ಲಿ ಉಬುಂಟು 20.04, ಅದೇ ತಂಡದ ಶ್ರೀನಿವಾಸಪುರದ ಹುಡುಗನದರಲ್ಲಿ 22.04 ಎನ್ನೋಣ. ಮೊದಲನೆಯದರ ಜೊತೆ ಬರುವುದು ಜಿಸಿಸಿ 9, ಎರಡನೆಯದರ ಜೊತೆ 11. ಯಾರೋ ಹೆಡರ್ ಫೈಲಿನಲ್ಲಿ ‘ಎಕ್ಸ್‌ಟರ್ನ್’ ಹಾಕದೆ ಒಂದು ಗ್ಲೋಬಲ್ ವೇರಿಯಬಲ್ ಬರೆದಿದ್ದಾರೆ, ಆ ಹೆಡರನ್ನು ಎರಡು ಸಿ ಫೈಲುಗಳು ಸೇರಿಸಿಕೊಂಡಿವೆ. ಜಿಸಿಸಿ 9ರಲ್ಲಿ ಎರಡೂ ಒಂದೇ ಎಂದು ಲೆಕ್ಕವಾಗಿ ಬಿಲ್ಡ್ ಮುಗಿಯುತ್ತದೆ. 2020ರ ಜಿಸಿಸಿ 10ರಿಂದ ಈ ಧಾರಾಳತನ ನಿಂತಿತು. ‘ಮಲ್ಟಿಪಲ್ ಡೆಫಿನಿಷನ್’ ಎಂದು ಲಿಂಕರ್ ಅಡ್ಡ ನಿಲ್ಲುತ್ತದೆ. ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲ’ ಅನ್ನುತ್ತಾಳೆ ಅವಳು. ಸುಳ್ಳೇನೂ ಅಲ್ಲ.

ಇದಾದರೂ ಎದುರಿಗೇ ಜಗಳಕ್ಕೆ ನಿಲ್ಲುವ ತಪ್ಪು, ಬೇಗ ಬಗೆಹರಿಯುತ್ತದೆ. ನಿಜವಾದ ಕಾಟ ಬೇರೆ ಬೇರೆ ವರ್ಷನ್‌ಗಳಲ್ಲಿ ಕಂಪೈಲಾದ ಲೈಬ್ರರಿಗಳನ್ನು ಜೋಡಿಸುವಾಗ. ಸಿ++11ರ ನಿಯಮಗಳಿಗೆ ಹೊಂದಿಸಲೆಂದು 2015ರ ಜಿಸಿಸಿ 5ರಲ್ಲಿ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆಯನ್ನೇ ಬದಲಿಸಿದರು. ಎರಡು ಅಚ್ಚಿನ ಮಾಲೂರು ಹೆಂಚುಗಳನ್ನು ಒಂದೇ ಮಾಡಿಗೆ ಹೊದಿಸಿದಂತೆ: ಬಿಡಿಯಾಗಿ ಎರಡೂ ಗಟ್ಟಿ, ಒಂದರ ಅಂಚು ಇನ್ನೊಂದರ ಕಚ್ಚಿಗೆ ಕೂರುವುದಿಲ್ಲ. ಹೆಚ್ಚಿನ ಸಲ ಲಿಂಕರೇ ಹಿಡಿದುಕೊಡುತ್ತದೆ. ಅದರ ಕಣ್ಣು ತಪ್ಪಿದ್ದು ಗ್ರಾಹಕರ ಕೈಯಲ್ಲಿ ಕ್ರ್ಯಾಶ್ ಆಗುತ್ತದೆ.

‘ಸರಿಯಾದ ಕೋಡ್ ಯಾವ ಕಂಪೈಲರಿನಲ್ಲೂ ಓಡಬೇಕು, ಒಂದೇ ವರ್ಷನ್ನಿಗೆ ಕಟ್ಟಿಹಾಕಿದರೆ ತಪ್ಪುಗಳು ಅಡಗಿ ಕೂರುತ್ತವೆ’ ಎಂದು ವಾದಿಸುವವರಿದ್ದಾರೆ. ಮಾತಿನಲ್ಲಿ ತೂಕವಿದೆ, ಎಕ್ಸ್‌ಟರ್ನ್ ಬಿಟ್ಟಿದ್ದು ತಪ್ಪೇ, ಅದನ್ನು ತೋರಿಸಿಕೊಟ್ಟಿದ್ದು ಹೊಸ ವರ್ಷನ್ನೇ. ಎಲ್ಲ ವ್ಯತ್ಯಾಸವೂ ಮಾರಕವಲ್ಲ ಎನ್ನುವುದೂ ಸರಿ: ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೋ 2015ರಿಂದ 2022ರವರೆಗಿನವು ಒಂದಕ್ಕೊಂದು ಹೊಂದುತ್ತವೆ, ಕೊನೆಯ ಲಿಂಕ್ ಮಾತ್ರ ಅವುಗಳಲ್ಲಿ ಹೊಸದರಿಂದಲೇ ಆಗಬೇಕು. ಆದರೆ ಕೋಡ್ ಸರಿ ಇದೆಯೇ ಎನ್ನುವುದು ಒಂದು ಪ್ರಶ್ನೆ, ಗ್ರಾಹಕರಿಗೆ ನಾವು ಕೊಟ್ಟದ್ದು ಏನು ಎನ್ನುವುದು ಇನ್ನೊಂದು. ಆರು ತಿಂಗಳ ಮೇಲೆ ದೂರು ಬಂದರೆ ಅದೇ ಬೈನರಿಯನ್ನು ಮತ್ತೆ ಕಟ್ಟಿ ನೋಡಬೇಕು. ಯಾವ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದೋ ಗೊತ್ತಿಲ್ಲದಿದ್ದರೆ ಏನನ್ನು ಹುಡುಕುವುದು? ಒಂದೇ ಸೋರ್ಸಿನಿಂದ ಯಾರು ಕಟ್ಟಿದರೂ ಬೈಟಿಗೆ ಬೈಟ್ ಒಂದೇ ಫಲ ಬರಲಿ ಎಂದು ಡೆಬಿಯನ್‌ನವರು 2013ರಿಂದ ಪಟ್ಟು ಹಿಡಿದಿರುವುದು ಸುಮ್ಮನೆ ಅಲ್ಲ.

ಹಾಗಾಗಿ ವರ್ಷನ್ ಸಂಖ್ಯೆ ಯಾರದೋ ನೆನಪಿನಲ್ಲಲ್ಲ, ಸೋರ್ಸಿನ ಜೊತೆಯಲ್ಲೇ ಇರಬೇಕು. 2023ರ ಗೋ 1.21ರಿಂದ ಯೋಜನೆಯ ಫೈಲಿನಲ್ಲೇ ಟೂಲ್‌ಚೈನ್ ನಮೂದಿಸಬಹುದು, ರಸ್ಟ್‌ನಲ್ಲೂ ಅಂಥ ಫೈಲಿದೆ. ಸಿ, ಸಿ++ನವರು ಡಾಕರ್ ಇಮೇಜಿನ ಮೊರೆ ಹೋಗುತ್ತಾರೆ, ಅಲ್ಲಿ ‘ಲೇಟೆಸ್ಟ್’ ಎಂದು ಬರೆದು ಮಾಡಿದ್ದನ್ನೆಲ್ಲ ಹಾಳು ಮಾಡಿಕೊಳ್ಳುವವರೂ ಉಂಟು. ಬಿಡುಗಡೆಯ ಬಿಲ್ಡ್‌ಗಳೆಲ್ಲ ನಮೂದಾದ ವರ್ಷನ್ನಿನಲ್ಲೇ ಆಗಲಿ. ಹೊಸ ವರ್ಷನ್ನಿನಲ್ಲಿ ರಾತ್ರಿ ಹೊತ್ತು ಇನ್ನೊಂದು ಬಿಲ್ಡ್ ಓಡಲಿ, ಅದು ಬಿದ್ದರೆ ಯಾರ ಕೆಲಸವೂ ನಿಲ್ಲದಿರಲಿ. ಅದರ ತಕರಾರುಗಳೆಲ್ಲ ತೀರಿದ ದಿನ ಒಂದೇ ಕಮಿಟ್‌ನಲ್ಲಿ, ಬೇರೇನನ್ನೂ ಅದರ ಜೊತೆ ಸೇರಿಸದೆ, ಆ ಸಂಖ್ಯೆಯನ್ನು ಬದಲಿಸಿದರಾಯಿತು.