ಬೀಗವಿಲ್ಲದ ಪುಸ್ತಕ

ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿ, ವಸ್ತುಸಂಗ್ರಹಾಲಯದ ಆವರಣದೊಳಗಿರುವ ಕಾನ್ನೆಮಾರ ಗ್ರಂಥಾಲಯವನ್ನು ನಮ್ಮ ಸಂಘದ ಬಂಧುಗಳಲ್ಲಿ ಬಹುಮಂದಿ ಹೊರಗಿನಿಂದ ನೋಡಿರುತ್ತಾರೆ. ಒಳಗೆ ಹೋದವರು ಕಡಿಮೆ. 1896ರಲ್ಲಿ ತೆರೆದ ಈ ಗ್ರಂಥಾಲಯಕ್ಕೆ, 1954ರ ಕೇಂದ್ರ ಕಾನೂನಿನಂತೆ, ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಬರತಕ್ಕದ್ದು. ಇಂಥ ಗ್ರಂಥಾಲಯಗಳು ದೇಶದಲ್ಲಿ ನಾಲ್ಕೇ. ಧಾರವಾಡದಲ್ಲಿ ಅಚ್ಚಾದ ಕನ್ನಡ ಪುಸ್ತಕಕ್ಕೂ ಎಗ್ಮೋರಿನಲ್ಲಿ ಒಂದು ಮನೆ ಉಂಟೆಂದಾಯಿತು. (ಪ್ರಕಾಶಕರೆಲ್ಲರೂ ಕಳುಹಿಸುತ್ತಾರೆಯೇ ಎಂಬುದು ಬೇರೆ ಮಾತು.) ಅದೂ ಅಲ್ಲದೆ ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದವು. ಈ ಊರು ನಮಗೆ ಪರಸ್ಥಳವಲ್ಲ, ನಮ್ಮಲ್ಲಿ ಅನೇಕರ ಅಜ್ಜಂದಿರ ರಾಜಧಾನಿ.

ಪ್ರಕೃತ ನಾವು ಹೇಳಹೊರಟಿರುವುದು ಪುಸ್ತಕಗಳ ವಿಚಾರವೇ ಆದರೂ, ಅದರ ದಾರಿ ನಮ್ಮೆಲ್ಲರ ಅಂಗಿಯ ಜೇಬಿನಲ್ಲಿರುವ ಫೋನಿನ ಮೂಲಕ ಹಾದುಹೋಗುತ್ತದೆ.

ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಕನ್ನಡ ಬೆರಳಚ್ಚು ಮಾಡಿಸಿದವರಿಗೆ ನೆನಪಿರಬಹುದು. ಒಂದು ಅಂಗಡಿಯಲ್ಲಿ ಮಾಡಿಸಿದ ಕರಪತ್ರವನ್ನು ಇನ್ನೊಂದು ಅಂಗಡಿಯಲ್ಲಿ ತೆರೆದರೆ ಕಾಗೆಯ ಕಾಲು, ಗುಬ್ಬಿಯ ಕಾಲು! ಒಬ್ಬೊಬ್ಬ ವ್ಯಾಪಾರಿಯದು ಒಂದೊಂದು ಅಕ್ಷರದ ಪೆಟ್ಟಿಗೆ, ಒಂದೊಂದು ಬೀಗ. ಆ ಬೀಗವನ್ನು ಒಡೆದದ್ದು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಳ ದೊರೆಯಿತು. ನಮ್ಮ ಕೈಗೆ ತಲುಪಲು ಮಾತ್ರ ಹತ್ತು ಹದಿನೈದು ವರ್ಷ ಹಿಡಿಯಿತು. ಕೀಲಿಮಣೆಯ ವಿನ್ಯಾಸವನ್ನು ಕೆ. ಪಿ. ರಾಯರು ರೂಪಿಸಿ, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ವಿ. ಕೃಷ್ಣ ಎಂಬವರು ನಾಲ್ಕು ದಶಕ ಕುಳಿತು, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಕನ್ನಡ ಶಬ್ದಗಳಿಗೆ ಇಂಗ್ಲಿಷ್ ಅರ್ಥ ಕಟ್ಟಿದ ‘ಅಲರ್’ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ರಾತ್ರಿ ಪಾಳಿ ಮುಗಿಸಿದ ಹೋಟೆಲ್ ಕೆಲಸಗಾರನೊಬ್ಬನು ಎಗ್ಮೋರ್ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ಒಂದು ಶಬ್ದದ ಅರ್ಥ ಹುಡುಕಬಲ್ಲ. ಅವನಿಗೆ ಯಾರೂ ಕಾಸು ಕೇಳುವುದಿಲ್ಲ. 1894ರ ಕಿಟ್ಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ್ದು, 1968ರಿಂದ ಸಂಪುಟ ಸಂಪುಟವಾಗಿ ಅದು ಹೊರಬಂದದ್ದು ಇದೇ ಊರಿನ ವಿಶ್ವವಿದ್ಯಾನಿಲಯದಿಂದ. ಆ ಸಂಪುಟಗಳನ್ನು ಕೊಳ್ಳುವ ತಾಕತ್ತು ಕೂಲಿಯವನಿಗೆ ಎಲ್ಲಿತ್ತು?

ಇಷ್ಟಕ್ಕೇ ನಾವು ತೃಪ್ತರಾಗುವುದಾದರೆ ಮೋಸಹೋದಂತೆ. ಯಂತ್ರವು ಎಲ್ಲರ ಕೈಗೂ ಬಂದಿದೆ, ಪುಸ್ತಕ ಬಂದಿಲ್ಲ.

ಒಂದು ಉದಾಹರಣೆ ನೋಡಿ. 1949ರಲ್ಲಿ ಮದರಾಸು ಸರಕಾರವು ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಕೊಂಡುಕೊಂಡಿತು. ಮುಂದೆ ಅವು ಜನತೆಯ ಸ್ವತ್ತಾದವು. ಅದೇ ವರ್ಷ ಅದೇ ಸರಕಾರವು ಮಂಜೇಶ್ವರದ ಗೋವಿಂದ ಪೈಗಳಿಗೆ ‘ರಾಷ್ಟ್ರಕವಿ’ ಎಂಬ ಬಿರುದು ಕೊಟ್ಟು ಗೌರವಿಸಿತು. ತಮಿಳು ಕವಿಯ ಪದ್ಯಗಳು ಜನರ ಪಾಲಿಗೆ, ಕನ್ನಡ ಕವಿಯ ಪಾಲಿಗೆ ಬಿರುದು! ಪೈಗಳು 1963ರಲ್ಲಿ ತೀರಿಕೊಂಡರು. ಲೇಖಕನ ಮರಣಾನಂತರ ಅರುವತ್ತು ವರ್ಷ ಎಂಬುದು ನಮ್ಮ ದೇಶದ ಕೃತಿಸ್ವಾಮ್ಯದ ಲೆಕ್ಕ. ಆದ್ದರಿಂದ ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳನ್ನು ಯಾರು ಬೇಕಾದರೂ ಅಚ್ಚುಹಾಕಬಹುದು, ಹಂಚಬಹುದು ಎಂಬ ಕಾಲ ಬಂದದ್ದು 2024ರ ಜನವರಿ 1ಕ್ಕೆ. ಭಾರತಿಯವರ ಓದುಗನಿಗಿಂತ ಪೈಗಳ ಓದುಗನು ಎಷ್ಟು ಕಾಲ ಕಾದನೆಂಬುದನ್ನು ವಾಚಕರೇ ಲೆಕ್ಕ ಹಾಕಲಿ. ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ ಗತಿಸಿದವರು. ಅವರ ಸರದಿ ಬರುವಾಗ ನಮ್ಮ ಮೊಮ್ಮಕ್ಕಳಿಗೆ ತಲೆ ನರೆತಿರುತ್ತದೆ.

ಲೇಖಕನ ಹೊಟ್ಟೆಯ ಪಾಡೇನು ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಓವರ್‌ಟೈಮಿನ ಒಂದು ಗಂಟೆಗೂ ಕೂಲಿ ಕೇಳುವ ನಾವು, ಬರೆದವನಿಗೆ ಸಂಭಾವನೆ ಬೇಡವೆನ್ನುವುದು ನಾಚಿಕೆಗೇಡು. ತಮಿಳುನಾಡು ಇದಕ್ಕೊಂದು ದಾರಿ ಕಂಡುಕೊಂಡಿದೆ: ಲೇಖಕರ ವಾರಸುದಾರರಿಗೆ ಸರಕಾರ ಒಂದು ಮೊಬಲಗು ಕೊಟ್ಟು ಕೃತಿಗಳನ್ನು ನಾಡಿನ ಆಸ್ತಿ ಮಾಡುತ್ತದೆ. ‘ನಾಟ್ಟುಡಮೈ’ ಎಂಬ ಮಾತನ್ನು ಈ ಊರಿನಲ್ಲಿರುವ ನಾವೆಲ್ಲ ಕೇಳಿದ್ದೇವೆ. ಕರ್ನಾಟಕ ಸರಕಾರವೂ ಇದನ್ನು ಕಾಯಂ ಪದ್ಧತಿಯಾಗಿ ಹಿಡಿಯಬೇಕೆಂದು ನಾವು ಒತ್ತಾಯಿಸುತ್ತೇವೆ. ಪ್ರಶಸ್ತಿಗೆ ಶಾಲು, ಹಾರ, ಮೆರವಣಿಗೆ ಎಂದು ಖರ್ಚಾಗುವ ಹಣದಲ್ಲಿ ಸ್ವಲ್ಪ ಈ ಕಡೆ ತಿರುಗಿದರೂ ಸಾಕು.

ಹಕ್ಕು ಬಿಟ್ಟ ಪುಸ್ತಕಕ್ಕೂ ಹೊಸದೊಂದು ಬೀಗ ಬಿದ್ದಿರುವುದನ್ನು ನಾವು ಅಲ್ಲಲ್ಲಿ ಕಂಡಿದ್ದೇವೆ. ಹಳೆಯ ಪುಟಗಳ ಚಿತ್ರ ತೆಗೆದಿಡುತ್ತಾರೆ, ನೋಡಬಹುದು. ಇಳಿಸಿಕೊಳ್ಳಬಾರದು, ಹೆಸರು ನೋಂದಾಯಿಸದೆ ತೆರೆಯಬಾರದು. ಸಾರ್ವಜನಿಕರ ಬಾವಿಗೆ ಖಾಸಗಿ ರಾಟೆ ಕಟ್ಟಿದ ಹಾಗೆ ಇದು. ಚಿತ್ರವಾಗಿರುವ ಪುಟದಲ್ಲಿ ಶಬ್ದ ಹುಡುಕಲೂ ಬರುವುದಿಲ್ಲ. ಅಕ್ಷರವಾಗಿ ಮಾರ್ಪಡಿಸಿದರೆ ಮಾತ್ರ ಬರುತ್ತದೆ, ಕಣ್ಣಿಲ್ಲದವರಿಗೆ ಫೋನು ಓದಿ ಹೇಳುವುದೂ ಆಗಲೇ. ಆ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ. ಆದರೆ ಒತ್ತಕ್ಷರ ಬಂದಲ್ಲಿ ಎಡವುತ್ತದೆ, ಹಳೆಯ ಅಚ್ಚಿನ ಮಸಿ ಹರಡಿದಲ್ಲಿ ತಬ್ಬಿಬ್ಬಾಗುತ್ತದೆ. ಪುಟ ಪುಟ ಕೂತು ತಿದ್ದಲು ಮನುಷ್ಯರೇ ಬೇಕು.

ತಮಿಳರಲ್ಲಿ ‘ಪ್ರಾಜೆಕ್ಟ್ ಮಧುರೈ’ ಎಂಬ ಸ್ವಯಂಸೇವಕರ ಗುಂಪು 1998ರಿಂದ ಈ ದುಡಿಮೆ ಮಾಡುತ್ತ ಬಂದಿದೆ. ಕನ್ನಡಕ್ಕೂ ವಿಕಿಸೋರ್ಸ್ ಎಂಬ ತೆರೆದ ಅಂಗಳವಿದೆ. ಅಲ್ಲಿ ತಿದ್ದಿದ ಪುಟ ಯಾರಪ್ಪನ ಆಸ್ತಿಯೂ ಆಗದೆ ಎಲ್ಲರಿಗೂ ಉಳಿಯುತ್ತದೆ. ನಮ್ಮ ಸಂಘದಲ್ಲಿ ಕನ್ನಡ ಓದಬಲ್ಲವರಿಗೇನು ಬರವಿಲ್ಲ. ಭಾನುವಾರ ಒಂದು ಗಂಟೆ, ತಲೆಗೆರಡು ಪುಟ. ನಿವೃತ್ತರು ಇನ್ನೂ ಎರಡು ಹೆಚ್ಚು ಮಾಡಿಯಾರು. ಕಾನ್ನೆಮಾರದಲ್ಲಿರುವ ಹಕ್ಕು ಮುಗಿದ ಕನ್ನಡ ಪುಸ್ತಕಗಳ ಚಿತ್ರ ತೆಗೆಯಲು ಅನುಮತಿ ಬೇಡಿ ಸಂಘದ ಕಾರ್ಯದರ್ಶಿಗಳು ಗ್ರಂಥಾಲಯಕ್ಕೆ ಒಂದು ಅರ್ಜಿ ಬರೆಯಲಿ.

ಮೊದಲ ಪುಸ್ತಕ ಪೈಗಳ ‘ಗಿಳಿವಿಂಡು’ ಆಗಲೆಂಬುದು ನಮ್ಮ ಸೂಚನೆ. ಯಾರಾದರೂ ಅದನ್ನು ಆಗಲೇ ಮಾಡಿ ಮುಗಿಸಿದ್ದರೆ ಸಂತೋಷ, ‘ಗೊಲ್ಗೊಥಾ’ ಹಿಡಿಯೋಣ. ಬರುವ ತಿಂಗಳ ಸಭೆಗೆ ಫೋನಿನ ಜೊತೆಗೆ ಓದುವ ಕನ್ನಡಕವನ್ನೂ ಮರೆಯದೆ ತನ್ನಿ.